ಮೂರನೇ ಪ್ಲಗ್ಗು

ಮೂರು ಸಲ ತಂದಿದ್ಳು ಸುಗಲಾಬಾಯಿ
ಉಮದಿಯಿಂದ ಜತ್ತಿಗೆ, ನನ್ನ ಗ್ಯಾರೇಜಿಗೆ,
ನೀಲಿ ಓಮ್ನಿ, ಎಂಎಚ್ ಹತ್ತು,
ಹಿಂದಿನ ಕಾಜಿನ ಮ್ಯಾಲ ಮರಾಠಿಯೊಳಗ ಬೀರದೇವ ಪ್ರಸನ್ನ,
ಸ್ಟೇರಿಂಗ್ ಹಿಂದ ಕನ್ನಡದಾಗ ಆಕಿಯ ಬೈಗಳ.
ಮೂರೂ ಸಲ ಗಾಡಿ ಗುರುಗುಟ್ಟಿತು
ಹಾಲು ಕುಡಿದ ಬೆಕ್ಕಿನಂಗ.

"ಮುಂಜಾನಿ ಬಂದು ನೋಡೋ, ಮುಂಜಾನಿ.
ಸೀಟಿನ ಕೆಳಗ ಯಾರೋ ಕುಂತು ಒದ್ದಂಗ ಒದಿತೈತಿ."

ಡಾಕ್ಟರನ ಬಾಗಲಾ ಕಂಡಕೂಡ್ಲೆ ಕೆಲವು ಬ್ಯಾನಿ ಓಡಿಹೋಗತಾವ.
ತಾಸುಗಟ್ಲೆ ಓಡಿ ಬಿಸಿಯಾಗಿ ಬಂದ ಇಂಜಿನ್
ನನಗೇನೂ ಹೇಳೂದಿಲ್ಲ.
ಅದಕ ಒಂದ ರಾತ್ರಿ ವಸ್ತಿಗೆ ಹೋದೆ:
ಪಾನಾದ ಚೀಲ, ಪ್ರೆಶರ್ ಪಂಪು, ಒಂದ ಕೌದಿ.

ಅಲ್ಲಿ ರಾತ್ರಿ ಹನ್ನೊಂದರ ತನಕ ರೊಟ್ಟಿ ಬಡಿಯೋ ಸಪ್ಪಳ.
ನಾಕ ಮಂದಿ, ಎಂಟ ಕೈ.
ಕೇಳತ ಮಲಗಿದ್ದೆ. ಒಂದ ಕೈ ತಡಾ ಬೀಳತಿತ್ತು.
ಎದ್ದು ನೋಡಿದೆ: ಮೂಲ್ಯಾಗಿನ ಹುಡುಗಿ,
ಹೆಬ್ಬೆರಳಿಗೆ ಅರಿವಿ ಸುತ್ತಿತ್ತು.

ರೇಡಿಯೇಟರ್ ಬಾಯಿಗೆ ಪಂಪು ಕಟ್ಟಿ ಹದಿಮೂರಕ್ಕ ಏರಿಸಿ ಬಿಟ್ಟಿದ್ದೆ.
ನಸಕಿನ್ಯಾಗ ಮುಳ್ಳು ಎಂಟಕ್ಕ ಇಳಿದಿತ್ತು.
ಬ್ಯಾಟರಿ ಹಿಡಿದು ಗಾಡಿ ಕೆಳಗ ತೂರಿದೆ,
ಮಣ್ಣು ಒಣ ಒಣ,
ಒಂದ ಹನಿ ಇಲ್ಲ,
ನಾಯಿಯೊಂದು ಮಲಗಿತ್ತು, ಅದೂ ಹಸಿಯಿಲ್ಲ.
ಹಂಗಾರ ನೀರು?

ಚಾವಿ ತಿರುವಿದಳು.
ಖ್ಯ ಖ್ಯ ಖ್ಯ, ಆಮ್ಯಾಲ ಶುರುವಾತು
ಕುಂಟೆತ್ತಿನ ನಡಿಗಿ: ಧಡ್ ಧಡ್, ಖಾಲಿ. ಧಡ್ ಧಡ್, ಖಾಲಿ.
ಹಿಂದ ಬೆಳ್ಳಗಿನ ಹೊಗಿ, ಮೂಗಿಗೆ ಸಿಹಿ.
ಸೀಟ ಎತ್ತಿ ಒಂದನೇ ವಾಯರ್ ಕಿತ್ತೆ, ಇಂಜಿನ್ ಕುಸೀತು.
ಎರಡನೇದು ಕಿತ್ತೆ, ನನಗೂ ಒಂದ ಹೊಡದು ಸಾಯಾಕ ಬಂತು.
ಮೂರನೇದು ಕಿತ್ತೆ.
ಏನೂ ಆಗಲಿಲ್ಲ.
ಹಚ್ಚಿದೆ, ಕಿತ್ತೆ, ಹಚ್ಚಿದೆ.
ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ.

ನಾಕ ನಿಮಿಷಕ್ಕ ಅದೂ ದುಡಿಯಾಕ ಹತ್ತಿತು,
ರಾತ್ರಿಯೇನೂ ನಡದ ಇಲ್ಲ ಅನ್ನೋರಂಗ.

ಗೋಣಿತಟ್ಟಿನ ಮ್ಯಾಲ ಮೂರೂ ಪ್ಲಗ್ಗು ಬಿಚ್ಚಿಟ್ಟೆ.
ಎರಡರ ಬಾಯಿ ಚಹಾದಾಗ ಅದ್ದಿದ ಬಿಸ್ಕೀಟಿನ ಬಣ್ಣ.
ಮೂರನೇದು ಬೆಳ್ಳಗ, ತೊಳೆದಿಟ್ಟಂಗ.
"ಇದೊಂದ ಚಲೋ ಐತಿ ನೋಡು" ಅಂದ್ಳು ಆಕಿ.
"ಇದ ಕಳ್ಳ" ಅಂದೆ.

ಹೆಡ್ಡಿನ ಗ್ಯಾಸ್ಕೆಟ್, ಕೂದಲಿನಷ್ಟು ಬಿರುಕು,
ಇಡೀ ರಾತ್ರಿ ನೀರು ಒಳಗ ಜಿನುಗತೈತಿ,
ಮುಂಜಾನಿ ಅದ ಉಗಿಯಾಗಿ ಪ್ಲಗ್ಗಿನ ಮೋತಿ ತೊಳಿತೈತಿ
ಅಂತ ಹೇಳಾಕ ಹೊಂಟಿದ್ದೆ.
ಆಕಿ ಬೆಳ್ಳನ್ನ ಪ್ಲಗ್ಗು ಬೆರಳಾಗ ತಿರುವತಿದ್ಳು.
"ಸೊಸಿ ಬಂದ ಹೊಸದ್ರಾಗ ನನ್ನ ಹಂಚು
ತಿಕ್ಕಿ ತಿಕ್ಕಿ ಲಕಲಕ ಮಾಡಿದ್ಳು, ಪಾಪ.
ಎಂಟ ದಿನ ಒಂದ ರೊಟ್ಟಿ ಸುದ್ದ ಏಳಲಿಲ್ಲ."

ನಾ ಸುಮ್ಮನಾದೆ. ಆಮ್ಯಾಲ ಕೇಳಿದೆ:
"ರೇಡಿಯೇಟರಿಗೆ ನೀರು ಎಷ್ಟ ದಿನಕ್ಕೊಮ್ಮೆ?"
"ದಿನಾ ಅರ್ಧ ತಂಬಗಿ.
ಎಲ್ಲಾ ಗಾಡಿನೂ ಕುಡಿತಾವ ಅಂದ್ಕೊಂಡಿದ್ದೆ.
ನೀ ಯಾವಾಗ ಕೇಳಿದ್ದಿ?"

ಮೂರು ಸಲ ಕಾರ್ಬರೇಟರ್ ಬಿಚ್ಚಿ ತೊಳದಾಂವ ನಾನು,
ಮೂರು ಸಲ ಬಿಲ್ ಬರದಾಂವ,
ಪ್ಲಗ್ಗಿನ ವಾಯರ್ ಬದಲಿಸಿದಾಂವ,
ಹೆಡ್‌ಲೈಟ್ ಸುದ್ದ ಒರಸಿ ಕೊಟ್ಟಾಂವ.

ಗ್ಯಾಸ್ಕೆಟ್ ಮಿರಜದಿಂದ ಬರಬೇಕು.
ರೊಟ್ಟಿ ಇವತ್ತ ಹೋಗಬೇಕು, ಎಂಟನೂರು, ಸೊಲ್ಲಾಪುರದ ಖಾನಾವಳಿಗೆ.
"ಒಯ್ಯತೈತಿಲ್ಲೋ?"
"ಬಿಸಿ ಐತಿ. ಒಯ್ಯತೈತಿ. ನಡುವ ಎಲ್ಲೂ ಆರಿಸಬ್ಯಾಡ."

ಬಟ್ಟಿಯೊಳಗ ಕಟ್ಟಿದ ರೊಟ್ಟಿ ಏರಿಸಿದಿವಿ.
ಸೊಸಿ ಓಡಿಬಂದು ಕಿಡಕಿಯೊಳಗ
ತುಂಬಿದ ತಂಬಗಿ ಕೊಟ್ಟಳು, ಯಾವತ್ತಿನಂಗ.
ಸುಗಲಾಬಾಯಿ ನನ್ನ ಕಡೆ ನೋಡಿದಳು.
ಇಸಕೊಂಡೆ. ತೊಡಿಯ ಮ್ಯಾಲ ಇಟಗೊಂಡು ಕುಂತೆ,
ಚೆಲ್ಲದಂಗ ಎರಡೂ ಕೈಲೆ ಹಿಡಿದು.