ಮೂರನೆಯವರ ಅರ್ಜಿ

ಮುಳಬಾಗಿಲು ಕೋರ್ಟಿನಲ್ಲಿ ಮೊದಲ ಮಾತೇ
"ನಂಬರ್ ಹೇಳಮ್ಮ."
ನಂಬರ್ ಇಲ್ಲ ಸ್ವಾಮಿ. ಒಂದು ಹುಣಸೆಮರ ಇತ್ತು,
ಎರಡು ಹೊಲದ ನಡುವೆ, ಬದುವಿನ ಮೇಲೆ.
ಅಮ್ಮ ಸಾಕ್ಷಿ ಹೇಳಲು ಬಂದಾಗ
ನಮ್ಮಕ್ಕ ಹೊಟ್ಟೆಯಲ್ಲಿದ್ದಳಂತೆ.
"ಅಕ್ಕನ ವಯಸ್ಸು?"
ಐವತ್ತರ ಸುಮಾರು.
ಗುಮಾಸ್ತ ನಗಲಿಲ್ಲ. ಬೆರಳಲ್ಲಿ ಎಣಿಸಿ,
"ಅಷ್ಟು ಹಳೇದು ಇಲ್ಲಿಲ್ಲ, ಕೋಲಾರಕ್ಕೆ ಹೋಗಿದೆ" ಅಂದ,
ಕೊಟ್ಟ ಹೆಣ್ಣಿನ ಊರು ಹೇಳುವ ಹಾಗೆ.

ಕೋಲಾರದ ದಾಖಲೆ ಕೊಠಡಿಯಲ್ಲಿ ಬಾಷಾ ಸಾಬರು
ಏಣಿ ಹತ್ತಿ ರಿಜಿಸ್ಟರು ಇಳಿಸಿದರು.
ಒಣಗಿದ ಗೋಂದು, ಇಲಿ, ಕಟ್ಟು ಬಿಗಿದ ಕೆಂಪು ಲಾಡಿ.
ಮೂರು ವರ್ಷ ತಿರುವಿದೆವು, ಅವರು ಎಡಪುಟ, ನಾನು ಬಲಪುಟ.
ಭಾಗದ ದಾವೆ, ಭಾಗದ ದಾವೆ, ಬಾವಿ, ಭಾಗ,
ಮನೆ ಖಾಲಿ ಮಾಡಿಸುವುದು, ಬಂಡಿ ದಾರಿ, ಭಾಗ.
ಕೊನೆಗೆ: ನೂರ ಹದಿನೆಂಟು, ಎಪ್ಪತ್ತನಾಲ್ಕು.
ಗುರಪ್ಪರೆಡ್ಡಿ ವಾದಿ, ದೊಡ್ಡಮುನಿಶಾಮಿ ಪ್ರತಿವಾದಿ.
ಷರಾ: ಹುಣಸೆಮರ ಒಂದು.
"ಒಂದು ಮರಕ್ಕೆ ಆರು ವರ್ಷ!" ಅಂದರು ಸಾಬರು,
ಹಲ್ಲು ಚುಳುಕೆಂದವರಂತೆ.

ನಕಲು ಅರ್ಜಿಯಲ್ಲಿ ಕಾಲಂ ಬಹಳ.
ವಾದಿಯೇ? ಅಲ್ಲ. ಪ್ರತಿವಾದಿಯೇ? ಅಲ್ಲ.
ಹಾಗಾದರೆ ನೀವು ಮೂರನೆಯವರು, ಅಫಿಡವಿಟ್ ಹಾಕಬೇಕು.
ಅದೂ ನಿಜವೇ.
ಅಕ್ಕ, ಅಣ್ಣ, ಆಮೇಲೆ ನಾನು.

ಕಾರಣ ಅನ್ನುವ ಕಡೆ ಪೆನ್ನು ನಿಂತಿತು.
ಅಮ್ಮನದು ಒಂದೂ ಫೋಟೋ ಇಲ್ಲ,
ಅವಳು ಆಡಿದ್ದನ್ನು ಯಾರಾದರೂ ಬರೆದಿಟ್ಟುಕೊಂಡಿದ್ದರೆ
ಇಡೀ ಲೋಕದಲ್ಲಿ ಇದೊಂದೇ ಕಟ್ಟಿನಲ್ಲಿ.
ಅಷ್ಟು ಬರೆಯಲು ಗೆರೆ ಸಾಲದು.
ವಕೀಲರ ಕಡೆಯ ಹುಡುಗ ಬೈಚೇಗೌಡ ಇಸಕೊಂಡು ಬರೆದ:
ಸ್ವಂತ ಉಪಯೋಗಕ್ಕೆ.

ಹನ್ನೊಂದನೇ ದಿನ ನಾಲ್ಕು ಪುಟ ಕೈಗೆ ಬಂತು,
ಪ್ರತಿ ಪುಟಕ್ಕೂ ಒಂದು ದುಂಡು ಮೊಹರು.
"ಪ್ರತಿವಾದಿ ಸಾಕ್ಷಿ ಎರಡು. ಪಿಳ್ಳಮ್ಮ ಕೋಂ ಮುನಿಯಪ್ಪ,
ಕೂಲಿ, ವಯಸ್ಸು ಸುಮಾರು ಇಪ್ಪತ್ತೆರಡು."
ನನ್ನ ಮಗಳಿಗಿಂತ ಚಿಕ್ಕವಳು!

"ಸದರಿ ಮರದ ಹಣ್ಣನ್ನು ನಾನು ಆರಿಸಿರುತ್ತೇನೆ."
ಅಮ್ಮ ಸಾಯುವವರೆಗೂ 'ಇರುತ್ತೇನೆ' ಅಂದವಳಲ್ಲ,
'ಸದರಿ' ಅವಳ ನಾಲಿಗೆಗೆ ತಿರುಗುತ್ತಲೂ ಇರಲಿಲ್ಲ.
ಮನೆಯಲ್ಲಿ ನಮ್ಮದು ತೆಲುಗು. ಕಟಕಟೆಯಲ್ಲೂ
ತೆಲುಗಲ್ಲೇ ಹೇಳಿರಬೇಕು, ಸೆರಗು ಬಿಗಿದು ಸಿಗಿಸಿ.
ಯಾರೋ ಅದರ ತಲೆ ಬಾಚಿ,
ಕನ್ನಡದ ಬೆಂಚಿನ ಮೇಲೆ ಕೂರಿಸಿದ್ದಾರೆ.

ಪಾಟೀ ಸವಾಲು:
"ಎರಡು ಸೇರು ರಾಗಿಗೆ ಆಸೆಪಟ್ಟು ಸುಳ್ಳು ನುಡಿಯುತ್ತಿದ್ದೇನೆ
ಎಂದರೆ ಸರಿಯಲ್ಲ.
ಆ ದಿನ ನಾನು ಊರಲ್ಲೇ ಇರಲಿಲ್ಲ ಎಂದರೆ ಸರಿಯಲ್ಲ.
ಮರ ಯಾರದೆಂದು ನನಗೆ ಗೊತ್ತಿಲ್ಲ ಎಂದರೆ ಸರಿ."
ಹಾ, ಇದು ಅವಳು.
ಅಂಗಡಿಯವನು ತೂಕದಲ್ಲಿ ಕೈಯಾಡಿಸಿದಾಗಲೂ ಹೀಗೇ,
ದನಿ ಏರಿಸದೆ, ತಕ್ಕಡಿ ನೋಡುತ್ತ.

ಮೂರನೇ ಪುಟದ ಕೆಳಗೆ ಬರೆಯುವವನಿಗೆ ಸುಸ್ತಾಗಿರಬೇಕು:
"ಚಿಂತಚೆಟ್ಟು ಹತ್ತಿದವನು ನನ್ನ ಗಂಡ."
ಆ ಒಂದು ಮಾತು ಹುಣಸೆಯಾಗದೆ
ಹಾಗೇ ಉಳಿದುಬಿಟ್ಟಿದೆ, ಅವಳ ಎಂಜಲಿನ ಸಮೇತ.
ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಓದಿದೆ, ತುಟಿ ಅಲುಗಿಸಿ.

"ಓದಿ ಹೇಳಿ ಕೇಳಿ, ಸರಿ ಇದೆ."
ಅದರಡಿ ಹೆಬ್ಬೆಟ್ಟು.
ಜೆರಾಕ್ಸಿನಲ್ಲಿ ಗೆರೆಯೆಲ್ಲ ಕೂಡಿಕೊಂಡು
ಒಂದು ಕರಿ ಬೀಜ.

ಬಾಷಾ ಸಾಬರು ಆವತ್ತೇ ಕೇಳಿದ್ದರು,
"ತೀರ್ಪಿನ ನಕಲು ಬೇಡವೇನಮ್ಮ? ಅದೇ ಕಟ್ಟಿನಲ್ಲಿದೆ."
ಬೇಡ ಅಂದಿದ್ದೆ.
ಮರ ಯಾರಿಗೆ ಹೋಯಿತೋ ನನಗೆ ಗೊತ್ತಿಲ್ಲ.
ಆ ಪುಟಗಳಿಗೆ ನಾನು ಸ್ಟಾಂಪು ಹಚ್ಚಿಲ್ಲ.