ಷರಾ

ನೌಬಾದಿನ ಕಚೇರಿಯಲ್ಲಿ ನನ್ನ ಕೆಲಸ
ಹಳೆಯ ರಿಜಿಸ್ಟರುಗಳಿಂದ ಬಾವಿಗಳನ್ನು ಸೇದಿ
ಕಂಪ್ಯೂಟರಿಗೆ ಸುರಿಯುವುದು.

ಕಮಠಾಣದ ಒಂದೇ ಬಾವಿಗೆ ಮೂರು ಹೆಸರು.
ನಮ್ಮಲ್ಲಿ ಅದು ಇಪ್ಪತ್ತೇಳನೆಯ ನಂಬರು,
ಕೃಷಿಯವರಲ್ಲಿ ಹುಣಸಿಮರದ ಬಾವಿ,
ಪಂಚಾಯಿತಿ ಕಾಗದದಲ್ಲಿ 'ಮುಚ್ಚಿದೆ'.
ಮೂರನ್ನೂ ಕೂಡಿಸಿದರೆ
ಜಿಲ್ಲೆಗೆ ಎರಡು ಬಾವಿ ಹೆಚ್ಚು,
ನೀರು ಮಾತ್ರ ಅಷ್ಟೇ.
ಕಿಟಕಿಯಾಚೆ ಸುರಂಗಬಾವಿಯ ಬಾಯಿಗಳು,
ಒಂದೊಂದೂ ಒಬ್ಬೊಬ್ಬರ ಹೊಲದಲ್ಲಿ.
ಕೆಳಗೆ ಯಾರೂ ಬೇಲಿ ಹಾಕಿಲ್ಲ.

ಅಳೆಯದ ದಿನವನ್ನು ಖಾಲಿ ಬಿಡುವಂತಿಲ್ಲ.
ಮೈನಸ್ ಹಾಕಿ ನಾಲ್ಕು ಒಂಬತ್ತು ಹೊಡೆಯಬೇಕು.
ಅದು ತಿಳಿಯದೆ ಕಲಬುರಗಿಯಲ್ಲಿ ಯಾರೋ ನಕ್ಷೆ ಬರೆದು
ಫೋನಿನಲ್ಲಿ ಕೂಗಿದರು:
'ನಿಮ್ಮ ಬಾವಿ ಪಾತಾಳಕ್ಕ ಹೋಗ್ಯಾದೇನ್ರಿ?'
'ಇಲ್ರಿ ಸರ್, ಅವತ್ತ ಅಳದಿಲ್ಲ, ಅಷ್ಟೇ.'

ಇಪ್ಪತ್ತೇಳನ್ನು ಅಳೆದವರು ಶರ್ಫೋದ್ದೀನ್.
ಸೈಕಲ್ಲು, ಉಕ್ಕಿನ ಟೇಪು, ಜೇಬಿನಲ್ಲಿ ಸೀಮೆಸುಣ್ಣ.
ಟೇಪಿಗೆ ಸುಣ್ಣ ಬಳಿದು ಇಳಿಬಿಟ್ಟರೆ
ಬಿಳುಪು ಎಲ್ಲಿ ಕಂದಿತೋ ಅಲ್ಲಿಗೆ ನೀರು.
ಅಂಕಿ ಬರೆದು, ಪಕ್ಕದ ಷರಾ ಕಾಲಮ್ಮಿನಲ್ಲಿ
ಉರ್ದು ಪಳಗಿದ ಕೈಯ, ಎಡಕ್ಕೆ ವಾಲಿದ ಕನ್ನಡ:

ಗಿಣಿ ಗೂಡು ಮಾಡಿವೆ. ಟೇಪು ಮೆಲ್ಲಗೆ ಬಿಟ್ಟೆ.
ಹುಡುಗರು ಈಜುತ್ತಿದ್ದರು. ಅಲೆ ನಿಲ್ಲುವ ತನಕ ಕುಂತೆ.
ಮಗಳ ಮದುವೆ. ಅಳೆದಿಲ್ಲ.
ನಾಳೆ ಅಳೆದು ಇಂದಿನ ತಾರೀಖು ಹಾಕಲಾರೆ.

ಹಂಚುವ ಫೈಲಿನಲ್ಲಿ ಷರಾ ಇಲ್ಲ.
'ಅಂಕಿ ಸಾಕು, ಪುರಾಣ ಬ್ಯಾಡ' ಎಂದಿದ್ದರು ಮೇಲಿನವರು.
ಅಳಿಸಲು ಕೈ ಬರಲಿಲ್ಲ. ಬೇರೆ ಹಾಳೆಯಲ್ಲಿಟ್ಟೆ.
ಆರು ವರ್ಷ ಯಾರೂ ಕೇಳಲಿಲ್ಲ.

ಹೋದ ಗುರುವಾರ ಒಬ್ಬಳು ಹುಡುಗಿ, ಸಂಶೋಧನೆಯಂತೆ,
ಮೂವತ್ತು ವರ್ಷದ ನೀರು ಮುಂದೆ ಹರವಿಕೊಂಡು:
'ಮೇಡಮ್, ತೊಂಬತ್ತೊಂದರ ಮೇ ಹದಿಮೂರು ಖಾಲಿ.
ಹದಿನಾಲ್ಕಕ್ಕ ಒಮ್ಮೆಲೆ ಒಂದು ಗೇಣು ಇಳದದ.
ಸುತ್ತಲಿನ ಯಾವ ಬಾವಿನೂ ಇಳದಿಲ್ಲ.
ಅಂಕಿ ತಪ್ಪದ ಏನ್ರಿ? ತಗದು ಬಿಡ್ಲಿ?'

'ತಡೀರಿ' ಅಂದೆ.
ಹಾಳೆ ತೆರೆದು ಓದಿದೆ:
ನಿನ್ನೆ ಊಟಕ್ಕೆ ಆರುನೂರು ಜನ.
ಇದೇ ಬಾವಿಯಿಂದ ಸೇದಿದೆವು. ನೀರು ಸಿಹಿ ಇತ್ತು.

ಆ ಕಡೆ ಫ್ಯಾನು ತಿರುಗುವ ಸದ್ದು.
ಆಮೇಲೆ, ಸಣ್ಣ ದನಿಯಲ್ಲಿ,
'ನನ್ನ ಕಡಿ ಇದಕ್ಕ ಕಾಲಮ್ಮಿಲ್ರಿ.'

'ಬಲಕ್ಕ ಒಂದು ಗೆರಿ ಎಳೀರಿ.'