ಎರಡು ಪಾಯಿಂಟ್ ಏಳು

ನಮ್ಮ ಫಂಡಿಗೆ ಜ್ವರ, ಎರಡು ಪಾಯಿಂಟ್ ಏಳು.
ಡಿಸೆಂಬರಿನೊಳಗೆ ಒಂದೂವರೆಗೆ ಇಳಿಸಿ
ಎಂದು ಮೇಲಿನವರ ಕಾಗದ.
ಅದರ ಮೇಲೆ ನನ್ನ ಸುಲೈಮಾನಿ ಲೋಟದ ಬಳೆಗುರುತು.

ಕುವೈತಿನ ಶರ್ಕ್, ಹದಿನಾರನೇ ಮಹಡಿ.
ಒಳಗೆ ಹತ್ತೊಂಬತ್ತು ಡಿಗ್ರಿ, ಮೈಮೇಲೆ ಸ್ವೆಟರು.
ಗಾಜಿನಾಚೆ ಐವತ್ತು ದಾಟಿದೆ,
ಗಾಜು ಒರೆಸುವವರ ಜೋಕಾಲಿ
ಖಾಲಿ ತೂಗುತ್ತಿದೆ. ನಾಲ್ಕರವರೆಗೆ
ಹೊರಗೆ ದುಡಿಯಕೂಡದು, ಕಾನೂನು.

ಪಟ್ಟಿಯಿಂದ ಸಿಮೆಂಟು ಕಂಪನಿಯೊಂದನ್ನು ಅಳಿಸಿ ನೋಡಿದೆ.
ಎರಡು ಪಾಯಿಂಟ್ ಐದು!
ಶಾಭಾಸ್ ಅಂದಳು ಪಕ್ಕದ ಮೇಜಿನ ರನೀಮ್.
ಮಾರಿದರೆ ಕೊಳ್ಳುವವರು ಯಾರು?
ಎದುರಿನ ಟವರಿನವರು, ಸಾಲುಗಟ್ಟಿದ್ದಾರೆ.
ಜ್ವರ ರಸ್ತೆ ದಾಟುತ್ತದೆ,
ಭಟ್ಟಿಗೆ ಸುದ್ದಿಯೂ ಮುಟ್ಟುವುದಿಲ್ಲ.

ನನ್ನ ಪ್ರೆಸಿಲ್ಲಾ ಫರ್ವಾನಿಯಾದಲ್ಲಿ ನರ್ಸು.
ಅವಳ ಪಾಯಿಂಟುಗಳೇ ಬೇರೆ.
ನಿನ್ನೆ ರಾತ್ರಿ ನಲವತ್ತೊಂದು ಪಾಯಿಂಟ್ ಎರಡು,
ಟೈಲ್ಸ್ ಕೂರಿಸುವ ಹುಡುಗ,
ಕಂಕುಳಿಗೆ ಐಸು, ಬಾಯಲ್ಲಿ ಯಾರದೋ ಹೆಸರು.
ಬೆಳಿಗ್ಗೆ ಬಂದವಳು ಶೂ ಬಿಚ್ಚುತ್ತ ಅಂದಳು:
ವಾರ್ಡು ಬದಲಿಸಿದರೆ ಜ್ವರ ಬಿಡುವುದಿಲ್ಲ ಮಾರಾಯ,
ಪಕ್ಕದಲ್ಲಿ ಕೂತಿರಬೇಕು.

ಸಿಮೆಂಟನ್ನು ಮರಳಿ ಪಟ್ಟಿಗೆ ತಂದೆ.
ನಮ್ಮ ಪಾಲು ನೂರಕ್ಕೆ ಮೂರು.
ಮೂರರಷ್ಟಾದರೂ ದನಿ ಇದೆಯಲ್ಲ,
ಷೇರುದಾರರ ಸಭೆಗೆ ಪ್ರಶ್ನೆ ಬರೆದೆ:
ಬರುವ ವರ್ಷ ಭಟ್ಟಿಗೆ ಏನು ಉಣಿಸುತ್ತೀರಿ?
ಹೊಗೆ ಎಷ್ಟು ಟನ್ನು ಕಡಿಮೆ?
ಆಗದಿದ್ದರೆ ಆ ಕುರ್ಚಿಯಲ್ಲಿ ಯಾರು?

ಬರೆದು, ಹೆದರಿ, ಕಳಿಸಿದೆ.

ನಾಲ್ಕಕ್ಕೆ ಜೋಕಾಲಿಗೆ ಜನ ಬಂದರು.
ಗಾಜಿನಾಚೆ ಒಬ್ಬ, ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು,
ನನ್ನ ಸ್ಕ್ರೀನನ್ನೇ ಒರೆಸುತ್ತಿರುವ ಹಾಗೆ ಕೈಯಾಡಿಸಿದ.
ಧೂಳು ಹೋಯಿತು.
ಎರಡು ಪಾಯಿಂಟ್ ಏಳು
ಇನ್ನಷ್ಟು ಸ್ಪಷ್ಟವಾಗಿ ಕಂಡಿತು.